ಜ್ವರದ ಹೊತ್ತಿನ ಲೆಕ್ಕ

ಮಳವಳ್ಳಿಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವ ಶಶಿರೇಖಾಗೆ ಸರಾಸರಿಯ ಮೇಲೆ ಬಹಳ ನಂಬಿಕೆಯಿತ್ತು. ಅವಳ ಸಂಶೋಧನೆಗೆ ಆತಗೂರಿನ ಅಕ್ಕ ಮಲ್ಲಿಗಮ್ಮನ ರೇಷ್ಮೆ ಹುಳುಮನೆಯೇ ವಿಷಯ. ಹೀಟರು, ಫ್ಯಾನುಗಳನ್ನು ಯಾವಾಗ ಹಾಕಿ ಯಾವಾಗ ಆರಿಸಿದರೆ ಕಡಿಮೆ ಕರೆಂಟಿನಲ್ಲಿ ಹುಳು ಚೆನ್ನಾಗಿ ಬೆಳೆಯುತ್ತದೆ? ಬೆಳೆಯ ಕಾಲವನ್ನೆಲ್ಲ ಅರ್ಧರ್ಧ ದಿನದ ಸಮ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಕಂಪ್ಯೂಟರಿನಿಂದ ಉತ್ತರ ತೆಗೆದು, ಅದರಂತೆ ತಾನೇ ಸ್ವಿಚ್ಚು ಹಾಕಿಕೊಳ್ಳುವ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದಳು.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ಮನೆಯವರಿಗೂ ಬಿಡುವು. ಹುಳುಮನೆ ಒಣಗಿದ್ದರೆ ಸಾಕು. ನಾಲ್ಕನೇ ಜ್ವರದಲ್ಲಿ ಪೆಟ್ಟಿಗೆಯನ್ನು ನಂಬಿ ಮಲ್ಲಿಗಮ್ಮ ಕೊತ್ತತ್ತಿಗೆ ಮದುವೆಗೆ ಹೋದಳು. ಹುಳು ಜ್ವರಕ್ಕೆ ಕೂತದ್ದು ಅರ್ಧ ದಿನದ ಒಂದು ತುಂಡಿನ ನಟ್ಟನಡುವೆ; ಮುಂದಿನ ತುಂಡು ಬರುವವರೆಗೂ ಪೆಟ್ಟಿಗೆ ಹಳೆಯ ಉತ್ತರವನ್ನೇ ಹಿಡಿದಿತ್ತು. ಫ್ಯಾನು ತಡವಾಗಿ ತಿರುಗಿತು. ತೇವಕ್ಕೆ ರೋಗ ಬಿದ್ದು ಬೆಳೆ ಹಾಳಾಯಿತು.

ಅಕ್ಕ ಬೈಯಲಿಲ್ಲ, ಪೆಟ್ಟಿಗೆಯ ವೈರು ಕಿತ್ತಿಟ್ಟಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಶಶಿರೇಖಾಗೆ.

ಹಳೆಯ ಲೆಕ್ಕ ತೆಗೆದು ನೋಡಿದರೆ, ಜ್ವರಕ್ಕೆ ಕೂರುವ ಆ ಒಂದು ತುಂಡಿನಲ್ಲಿ ತಪ್ಪು ಬೆಟ್ಟದಷ್ಟಿದೆ ಎಂದು ಕಂಪ್ಯೂಟರು ಮೊದಲೇ ತೋರಿಸಿತ್ತು. ಎಲ್ಲ ತುಂಡುಗಳ ಸರಾಸರಿ ತಪ್ಪು ಕಡಿಮೆಯೆಂದು ಇವಳೇ ಕಣ್ಣು ಮುಚ್ಚಿಕೊಂಡಿದ್ದಳು. ಈ ಸಲ ಹುಳು ಸುಮ್ಮನೆ ಮೇಯುವ ದಿನಗಳನ್ನು ದೊಡ್ಡ ತುಂಡುಗಳಾಗಿಯೇ ಬಿಟ್ಟಳು. ಜ್ವರಕ್ಕೆ ಕೂರುವ, ಜ್ವರ ಬಿಟ್ಟೇಳುವ ಹೊತ್ತನ್ನು ಮಾತ್ರ ಸಣ್ಣಗೆ ಸೀಳಿದಳು. ಲೆಕ್ಕ ಮಾಡಿ, ತಪ್ಪು ಉಳಿದ ಕಡೆ ಮತ್ತೆ ಸೀಳಿದಳು. ಫ್ಯಾನು ತಿರುಗಬೇಕಾದ ಗಳಿಗೆ ಕೊನೆಗೂ ಸಿಕ್ಕಿತು.

"ಇನ್ನೊಂದ್ಸಲ ಪೆಟ್ಗೆ ಹಾಕ್ಲಾ, ಅಕ್ಕ?" ಎಂದಳು.

"ಹಾಕು. ನಾನೂ ನೋಡ್ತೀನಿ."

ಮುಂದಿನ ಬೆಳೆಯ ಮೂರು ಜ್ವರಕ್ಕೂ ಮಲ್ಲಿಗಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ನಾಲ್ಕನೆಯದಕ್ಕೆ ಬೆಳಿಗ್ಗೆಯೇ ಹೊಸ ಸೀರೆಯುಟ್ಟು ನಿಂತಳು.

"ಗೆಜ್ಜಲಗೆರೇಲಿ ನಾಮಕರಣ, ಓಗ್ಬತ್ತೀನಿ."

"ಇವತ್ತೊಂದಿನ ಇರಕ್ಕಾ!"

"ಯಾಕೆ? ನಿನ್ ಪೆಟ್ಗೆ ಅದೆಯಲ್ಲ."

ಅಕ್ಕ ಬಸ್ಸು ಹತ್ತಿದಳು. ಶಶಿರೇಖಾ ಕಾಲೇಜಿಗೆ ರಜೆ ಹೇಳಿ, ಸ್ವಿಚ್ಚಿನ ಪಕ್ಕದಲ್ಲೇ ಕೂತಳು. ಫ್ಯಾನು ತಾನಾಗಿಯೇ ತಿರುಗಿತು. ಹುಳುಗಳು ಜ್ವರದಲ್ಲಿ ಇರಬೇಕಾದ ಹಾಗೆಯೇ ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಆದರೂ ಅವಳು ಏಳಲಿಲ್ಲ, ಊಟವನ್ನೂ ಮಾಡಲಿಲ್ಲ.

ಸಂಜೆ ಬಂದ ಮಲ್ಲಿಗಮ್ಮ ಒಬ್ಬಟ್ಟಿನ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಳು.

"ನಿನ್ ಲೆಕ್ಕನ ನಂಬ್ಕೊಂಡು ನಾನು ಓಗಿ ಉಂಡ್ಕೊಂಡ್ ಬಂದೆ. ನೀನೇ ನಂಬ್ನಿಲ್ವಲ್ಲೇ!"