ಚಾವಿ ಹೊರಗ ಕೊಡು

ನಮ್ಮ ಸಾಹೇಬರು ಹರೆಯವನ್ನೆಲ್ಲ ಕಾರ್ಮಿಕರ ಸಂಘ ಕಟ್ಟುವುದರಲ್ಲೇ ಕಳೆದವರು. ಆಮೇಲೆ ಶಾಸಕರಾದರು, ಈಗ ಕಾರ್ಮಿಕ ಮಂಡಳಿಯ ಅಧ್ಯಕ್ಷರು. ನಾನು ಅವರ ಸರ್ಕಾರಿ ಕಾರಿನ ಡ್ರೈವರ್.

ಕಮಲಾಪುರದ ಸಭೆ ಮುಗಿಸಿ ಕಲಬುರಗಿಗೆ ಮರಳುತ್ತಿದ್ದೆವು. ಕಪನೂರಿನಲ್ಲಿ, ಬೀಗ ಬಿದ್ದ ಕಾರ್ಖಾನೆಯೊಂದರ ಕೆಲಸಗಾರರು ರಸ್ತೆಗೆ ಅಡ್ಡ ಕೂತಿದ್ದರು. ಸರ್ಕಾರಿ ಕಾರು ಕಂಡದ್ದೇ ತಡ, ಮುತ್ತಿಕೊಂಡು ಬಾನೆಟ್ ಬಡಿಯತೊಡಗಿದರು. ಒಬ್ಬನ ಕೈಯಲ್ಲಿ ಕಲ್ಲಿತ್ತು. ನಾನು ಗಾಬರಿಯಾಗಿ ರಿವರ್ಸ್ ಹಾಕಲು ಹೋದೆ.

“ಹಿಂದ ತಗೀಬ್ಯಾಡ. ಗಾಡಿ ಬಂದ್ ಮಾಡಿ ಚಾವಿ ಹೊರಗ ಕೊಡು,” ಎಂದರು ಸಾಹೇಬರು.

“ಚಾವಿ ಕೊಟ್ರ ಪಾರಾಗೋದು ಹ್ಯಾಂಗ್ರೀ?”

“ಓಡೋ ಗಾಡಿಗೇ ಕಲ್ಲು ಬೀಳ್ತಾವ. ಘೇರಾವ್ ಮಾಡಿದ್ರ ಮೊದಲ ಚಾವಿ ಕಸ್ಕೋರಿ ಅಂತ ಇವರಿಗೆ ಕಲಿಸಿದಾಂವನೇ ನಾನು. ತಾನೇ ಕೊಟ್ಟಾಂವನ ಮೈ ಮುಟ್ಟಬ್ಯಾಡ್ರಿ ಅಂತನೂ ಕಲಿಸೀನಿ.”

ಗಾಜು ಇಳಿಸಿ ಚಾವಿ ಚಾಚಿದೆ. ಕಲ್ಲು ಹಿಡಿದವನೇ ಬಂದು ತೆಗೆದುಕೊಂಡ. ಒಳಗೆ ಬಗ್ಗಿ ನೋಡಿದ. ಸಾಹೇಬರ ಗುರುತು ಹತ್ತಿತು, ಆದರೆ ಕಲ್ಲು ಕೆಳಗಿಡಲಿಲ್ಲ.

“ಮಾಲಕ ಬರೋತನ ಇಬ್ರೂ ಇಲ್ಲೇ ಕುಂದ್ರಿ,” ಎಂದ.

ಹಿಂದಿನ ಸೀಟಿನಿಂದ ಸಾಹೇಬರ ಕೈ ನನ್ನ ಹೆಗಲ ಮೇಲೆ ಬಂತು. ಧೈರ್ಯ ಹೇಳುತ್ತಾರೆ ಅಂದುಕೊಂಡೆ. ಆ ಕೈ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿತು, ಬಿಡಲಿಲ್ಲ.

“ನೀವು ಕಲಿಸಿದ್ದು ಇವರಿಗೆ ಇನ್ನೂ ನೆನಪೈತೇನ್ರೀ?” ಎಂದು ಪಿಸುಗುಟ್ಟಿದೆ.

“ಗೊತ್ತಿಲ್ಲಪ್ಪ. ಘೇರಾವ್ ಮಾಡೋವಾಗೆಲ್ಲ ನಾ ಗಾಡಿ ಹೊರಗೇ ಇರ್ತಿದ್ದೆ.”

ಕತ್ತಲಾಗುವ ಮೊದಲು ಕಾರ್ಖಾನೆಯ ಮಾಲೀಕ ಬಂದ. ಚಾವಿ ಮರಳಿಸಲು ಬಂದ ಆ ಕಲ್ಲು ಹಿಡಿದವನು ಬಾಗಿಲು ತೆರೆದು, ಬಗ್ಗಿ ಸಾಹೇಬರ ಕಾಲು ಮುಟ್ಟಿ ನಮಸ್ಕರಿಸಿದ. ಕಲ್ಲು ಆಗಲೂ ಎಡಗೈಯಲ್ಲೇ ಇತ್ತು. ಅದನ್ನೂ ಸಾಹೇಬರೇ ಕಲಿಸಿದ್ದರೋ ಏನೋ, ನಾನು ಕೇಳಲು ಹೋಗಲಿಲ್ಲ.