ಪೇರಲ ಹಣ್ಣಿನ ಬಣ್ಣದ ಸೀರೆ

ಈಗಿನ ಸೀರೆ ಅಂಗಡಿಗಳಲ್ಲಿ ಕನ್ನಡಿಗೆ ಮೊದಲಿನ ಮರ್ಯಾದೆ ಉಳಿದಿಲ್ಲ, ನೀವೂ ಗಮನಿಸಿರಬಹುದು. ನಿಪ್ಪಾಣಿಯ ಆ ದೊಡ್ಡ ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯೊಂದು ಮೂಲೆ ಸೇರಿತ್ತು, ಅದರ ಚೌಕಟ್ಟಿಗೆ ಯಾರದೋ ಕೈಚೀಲ ಜೋತುಬಿದ್ದಿತ್ತು. ಕನ್ನಡಿ ನಿಲ್ಲಬೇಕಾದ ಜಾಗದಲ್ಲಿ ಬಳೆಯಾಕಾರದ ದೀಪವೊಂದು ಉರಿಯುತ್ತಿತ್ತು, ದೀಪದ ನಡುವೆ ಮೊಬೈಲು ಸಿಕ್ಕಿಸಲು ಒಂದು ಕೊಕ್ಕೆ. ಹುಡುಗಿಯರು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಅದರ ಮುಂದೆ ನಿಲ್ಲುತ್ತಿದ್ದರು. ತಾವು ಹೇಗೆ ಕಾಣುತ್ತೇವೆಂಬುದನ್ನು ಆಮೇಲೆ ಮೊಬೈಲಿನಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ನನಗೆ ಆ ಕನ್ನಡಿಯ ಮೇಲೆ ಸಹಜವಾಗಿಯೇ ಬಂಧುಪ್ರೀತಿ ಹುಟ್ಟಿತು. ನಾನೂ ಅದರ ಪಕ್ಕದಲ್ಲೇ ಒಂದು ಸ್ಟೂಲು ಎಳೆದುಕೊಂಡು ಕುಳಿತೆ.

ಮಗಳು ಪಲ್ಲವಿಯ ಲಗ್ನದ ಸೀರೆಗಾಗಿ ನಾವು ಚಿಕ್ಕೋಡಿಯಿಂದ ಹೋಗಿದ್ದೆವು, ಅವಳು, ಅವಳ ತಾಯಿ ಮತ್ತು ನಾನು. ನನ್ನ ಪಾತ್ರ ಚೀಲ ಹಿಡಿಯುವುದು ಮತ್ತು ಕೇಳಿದಾಗ 'ಛಂದ ಐತಿ' ಎನ್ನುವುದು. ನಾಮಪದಗಳಿಗೆ ವಿಶೇಷಣ ಹಚ್ಚುವುದನ್ನು ಸಾವಿರಾರು ಮಕ್ಕಳಿಗೆ ಕಲಿಸಿದವನಿಗೆ ಅಂದು ಸಿಕ್ಕಿದ್ದು ಒಂದೇ ವಿಶೇಷಣ.

ಆದರೆ ನನಗೆ ಇನ್ನೊಂದು ಕೆಲಸವೂ ಇತ್ತು, ಅದು ನನ್ನೊಬ್ಬನಿಗೇ ಗೊತ್ತಿದ್ದ ಕೆಲಸ. ಅದನ್ನು ಒಪ್ಪಿಸಿದವಳು ನಮ್ಮ ಅವ್ವ.

ಅವ್ವನಿಗೆ ಆಗ ಎಂಬತ್ತು ದಾಟಿತ್ತು. ಎರಡು ವರ್ಷಗಳಿಂದ ಕಣ್ಣು ಮಸುಕಾಗುತ್ತಾ ಬಂದು, ಮಿರಜಿನ ಡಾಕ್ಟರು 'ಇದು ಆಪರೇಶನ್ ಮಾಡಿ ಸರಿಪಡಿಸುವಂಥದ್ದಲ್ಲ' ಎಂದು ಕೈಚೆಲ್ಲಿದ್ದರು. ಮುಖಗಳು ಅಳಿಸಿಹೋಗಿದ್ದವು. ಗಾಢವಾದ ಬಣ್ಣವಿದ್ದರೆ ಮಾತ್ರ ಅಲ್ಲೇನೋ ಇದೆಯೆಂದು ತಿಳಿಯುತ್ತಿತ್ತು. ಅದಕ್ಕಾಗಿಯೇ ನನ್ನ ಹೆಂಡತಿ ಬಚ್ಚಲಮನೆಯ ಬಾಗಿಲಿಗೆ ಒಂದು ಕೆಂಪು ಟವೆಲು ಕಟ್ಟಿದ್ದಳು. ನೀರಿನ ತಂಬಿಗೆಗೆ ಕಡುನೀಲಿ ರಿಬ್ಬನ್ನು ಸುತ್ತಿದ್ದಳು. ನನ್ನನ್ನು ಮಾತ್ರ ಅವ್ವ ಬಣ್ಣದಿಂದಲ್ಲ, ಕೆಮ್ಮಿನಿಂದ ಗುರುತಿಸುತ್ತಿದ್ದಳು.

ನಿಪ್ಪಾಣಿಗೆ ಹೊರಟ ದಿನ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ ಹತ್ತಿರ ಕರೆದಳು. "ನನ್ನ ಕಣ್ಣಿಗೆ ಬೀಳೂವಂಥಾ ಬಣ್ಣದ್ದು ನೋಡಪಾ. ಕೆಂಪರ ಆಗಲಿ, ಹಸರರ ಆಗಲಿ. ನಮ್ಮ ಪಲ್ಲೂನ ಅದೊಂದ ದಿನ ನೋಡಬೇಕು." ನಾನು ಹೂಂ ಎಂದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಕರೆದು, "ಆದರ ನಾ ಅಂದೆ ಅಂತ ಆಕಿಗೆ ಒತ್ತಾಯ ಮಾಡಬ್ಯಾಡ. ಲಗ್ನ ಆಕೀದು" ಎಂದಳು. ಈ ಎರಡನೆಯ ಮಾತನ್ನು ನಾನು ಆಮೇಲೆ ಎಷ್ಟೋ ಸಲ ನನ್ನ ವಕೀಲನನ್ನಾಗಿ ನಿಲ್ಲಿಸಿಕೊಂಡಿದ್ದೇನೆ. ಅದು ಒಮ್ಮೆಯೂ ಗೆದ್ದಿಲ್ಲ.

ಅಂಗಡಿಯವನು ಮೊದಲು ಹಾಸಿದ್ದು ಕೆಂಪು ಸೀರೆಯನ್ನೇ, ದಾಳಿಂಬೆಯ ಕಾಳಿನಂಥ ಕೆಂಪು. ನನ್ನ ಎದೆ ಹಗುರಾಯಿತು. ಆದರೆ ಅವನೇ ಬಳೆದೀಪದ ಬೆಳಕಿನಲ್ಲಿ ಒಂದು ಫೋಟೋ ತೆಗೆದು ತೋರಿಸಿ ತಲೆಯಾಡಿಸಿದ. "ಇದು ಕ್ಯಾಮೆರಾದಾಗ ಹೊಡಿತೈತಿ ನೋಡ್ರಿ ತಾಯಿ, ಮುಖಾನ ನುಂಗತೈತಿ. ಈಗೆಲ್ಲಾ ತಿಳಿ ಕಲರ್ ನಡದಾವ್ರಿ." ಲಗ್ನಕ್ಕೆ ಗೊತ್ತುಮಾಡಿದ್ದ ಫೋಟೋಗ್ರಾಫರನೂ ಮೊದಲೇ ವಾಟ್ಸ್ಯಾಪಿನಲ್ಲಿ ಅದನ್ನೇ ಬರೆದು ಕಳಿಸಿದ್ದನಂತೆ: ವೇದಿಕೆಗೆ ಬಿಳಿ ಹೂವು, ವರನಿಗೆ ದಂತದ ಬಣ್ಣದ ಶೇರವಾನಿ, ವಧುವಿಗೆ ಅದಕ್ಕೆ ಹೊಂದುವ ತಿಳಿಬಣ್ಣ. ಗಂಟೆಗಟ್ಟಲೆ ಹುಡುಕಿ ಕೊನೆಗೆ ಪಲ್ಲವಿ ಆರಿಸಿದ್ದು, ಹಾಲಿಗೆ ಕುಂಕುಮದ ನೀರು ಒಂದೇ ಹನಿ ಬಿದ್ದಿದೆಯೋ ಇಲ್ಲವೋ ಎಂಬಂಥ ಗುಲಾಬಿ. ಅದನ್ನು ಹೊದ್ದು ದೀಪದ ಮುಂದೆ ನಿಂತಾಗ, ನಿಜ ಹೇಳಬೇಕೆಂದರೆ, ನನ್ನ ಮಗಳು ಬೆಳಗಿನ ಜಾವದ ಆಕಾಶದಂತೆ ಕಂಡಳು.

"ಅಪ್ಪಾ, ಹೆಂಗೈತಿ?"

ಅವ್ವನ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಮಗಳ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು. ಈಗಲ್ಲ, ಚಹಾ ಕುಡಿಯುವಾಗ ಹೇಳೋಣ ಎಂದುಕೊಂಡೆ. "ಛಂದ ಐತಿ" ಎಂದೆ. ಚಹಾ ಬರುವ ಹೊತ್ತಿಗೆ ಸೀರೆ ಡಬ್ಬಿ ಸೇರಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಚಿಕ್ಕೋಡಿ ಮುಟ್ಟುವವರೆಗೂ ನಾನು ಮತ್ತೆ ಮತ್ತೆ ಬಾಯಿ ತೆರೆದು ಮುಚ್ಚಿದೆ. ವಾಗ್ಮಿಯೆಂದು ಶಾಲೆಯಲ್ಲಿ ಶಾಲು ಹೊದಿಸಿಕೊಂಡವನ ಕತೆಯಿದು.

ಲಗ್ನದ ದಿನ ಮಂಗಲ ಕಾರ್ಯಾಲಯದ ಮೊದಲ ಸಾಲಿನಲ್ಲಿ ಅವ್ವನನ್ನು ಕೂರಿಸಿ ಪಕ್ಕದಲ್ಲಿ ನಾನು ನಿಂತಿದ್ದೆ. ವೇದಿಕೆಯ ಮೇಲೆ ಬಿಳಿಯ ಮೇಲೆ ಬಿಳಿ. ನನ್ನ ಕಣ್ಣಿಗೇ ವಧೂವರರು ಹೂವಿನೊಳಗೆ ಕರಗಿದಂತಿದ್ದರು.

"ಮದಿಮಗಳು ಬಂದಳೇನಪಾ?" ಅವ್ವ ಕತ್ತು ಚಾಚಿ ಕೇಳಿದಳು.

"ಬಂದಾಳವಾ. ಅಲ್ಲೇ ನೋಡು, ಎದುರಿಗೆ."

ಅವ್ವ ಹುಡುಕಿದಳು. ಅವಳ ಮುಖ ಎಡಕ್ಕೆ ಬಲಕ್ಕೆ ಹೊರಳಿ, ಒಂದು ಕಡೆ ಗಕ್ಕನೆ ನಿಂತಿತು. "ಕಂಡಳಪಾ, ಕಂಡಳು" ಎಂದಳು. ನಾನು ಅವಳ ನೋಟದ ಜಾಡು ಹಿಡಿದು ನೋಡಿದೆ. ವೇದಿಕೆಯ ಎಡತುದಿಯಲ್ಲಿ ನನ್ನ ತಂಗಿಯ ಮಗಳು ಸವಿತಾ ಕಡುಹಸಿರು ಸೀರೆಯುಟ್ಟು ಆರತಿಯ ತಾಟು ಹಿಡಿದು ನಿಂತಿದ್ದಳು. ಅಷ್ಟರಲ್ಲಿ ವಾದ್ಯ ಮೊಳಗಿತು, ಅಕ್ಕಿಕಾಳು ಬೀಳತೊಡಗಿದವು. ಅವ್ವ ಎರಡೂ ಕೈಯೆತ್ತಿ ತನ್ನ ಅಕ್ಕಿಕಾಳನ್ನು ಆ ಹಸಿರಿನ ಕಡೆಗೇ ತೂರಿದಳು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅವಳ ಗದ್ದ ಹಿಡಿದು ಪಲ್ಲವಿಯ ಕಡೆ ತಿರುಗಿಸಲು ನನಗೆ ಒಂದು ಕ್ಷಣ ಸಾಕಾಗಿತ್ತು. ತಿರುಗಿಸಿದ್ದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನಾನು ಸುಮ್ಮನೆ ನಿಂತೆ.

ನಾಲ್ಕನೆಯ ದಿನ ಪಲ್ಲವಿ ಗಂಡನೊಡನೆ ಮನೆಗೆ ಬಂದಳು. ಅಜ್ಜಿಯ ಪಕ್ಕ ಕುಳಿತು ಅವಳ ಕೈ ಹಿಡಿದಿದ್ದಳು. ಅವ್ವ ತುಂಬು ತೃಪ್ತಿಯಿಂದ ಹೇಳಿದಳು: "ಆ ಹಸರ ಸೀರಿ ಏನ ಒಪ್ಪಿತ್ತ ಬೇ ನಿನಗ! ಅಲುಗಾಡದ ನಿಂತಿದ್ದಿ. ಕಣ್ಣತುಂಬ ನೋಡಿದೆ."

ಪಲ್ಲವಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. "ಹೌದು ಆಯಿ" ಎಂದಳು ಅವಳು.

ಹಿತ್ತಲಲ್ಲಿ ಅವಳು ನನ್ನನ್ನು ಹಿಡಿದಳು. "ಆಯಿಗೆ ನಾ ಕಂಡೇ ಇಲ್ಲೇನಪಾ?" ನಾನು ಎಲ್ಲವನ್ನೂ ಹೇಳಿದೆ, ಚಪ್ಪಲಿ ಮೆಟ್ಟುವಾಗಿನ ಮಾತಿನಿಂದ ಹಿಡಿದು.

"ಅಲ್ಲೇ ಅಂಗಡ್ಯಾಗ ಒಂದ ಮಾತ ಅಂದಿದ್ರ ನಾ ಒಲ್ಲೆ ಅಂತಿದ್ನೇನು?"

"ನೀ ಭಾಳ ಖುಷ್ಯಾಗಿದ್ದಿ."

ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತಳು. ಅವಳ ಲಗ್ನದ ವಿಡಿಯೋಗೆ ಊರೂರಿನಿಂದ ಬರುತ್ತಿದ್ದ ಮೆಚ್ಚುಗೆಗಳಿಗೆಲ್ಲ ಕೈಯಲ್ಲಿದ್ದ ಮೊಬೈಲು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಅವಳು ಅದನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು.

ನಾಗರ ಪಂಚಮಿಗೆ ಅವಳು ತವರಿಗೆ ಬರುವಷ್ಟರಲ್ಲಿ ಅವ್ವನಿಗೆ ಬಣ್ಣಗಳೂ ಹೋಗಿದ್ದವು. ಬಚ್ಚಲಮನೆಯ ಟವೆಲನ್ನು ಹೆಂಡತಿ ಬಿಚ್ಚಿ ಒಗೆದಿಟ್ಟಿದ್ದಳು. ಪಲ್ಲವಿ ಮಧ್ಯಾಹ್ನ ಅಜ್ಜಿಯ ಹಾಸಿಗೆಯ ಮೇಲೆ ಕಾಲು ಮಡಚಿ ಕುಳಿತು, ಯಾರನ್ನೂ ಕೇಳದೆ, ನಿಜ ಹೇಳಿಬಿಟ್ಟಳು. "ಆಯಿ, ಅವತ್ತು ನೀ ನೋಡಿದ್ದು ಸವಿತಾನ್ನ. ನಾ ಅಲ್ಲ."

ಅವ್ವ ಅವಳ ಕೈ ತಡವಿ ಹಿಡಿದು, "ಹಂಗಾದ್ರ ನೀ ಎಲ್ಲಿ ನಿಂತಿದ್ದಿ ಮಗಳ?" ಎಂದಳು.

ನಾನು ಬಾಗಿಲಲ್ಲಿದ್ದೆ. ಒಳಗೆ ಹೋಗಲಾಗಲಿಲ್ಲ, ಹೊರಗೂ ಹೋಗಲಾಗಲಿಲ್ಲ.

ಪಲ್ಲವಿ ಹೇಳತೊಡಗಿದಳು. ತಾನು ನಡುವೆ ನಿಂತಿದ್ದು, ಬಾಸಿಂಗ ಜಾರಿ ಅತ್ತೆ ಎರಡು ಸಲ ಕಟ್ಟಿದ್ದು, ತಾಳಿಯ ಗಂಟಿಗೆ ಕೂದಲೆಳೆ ಸಿಕ್ಕಿಕೊಂಡಿದ್ದು. ಅವ್ವ ಸೀರೆಯ ಬಣ್ಣ ಕೇಳಿದಳು. ಅಂಗಡಿಯಲ್ಲಿ ಒಂದೇ ಗುಲಾಬಿಯ ಹತ್ತಾರು ಇಂಗ್ಲಿಷ್ ಹೆಸರುಗಳನ್ನು ಉಚ್ಚರಿಸಿದ ಹುಡುಗಿ ಈಗ ತಡವರಿಸಿದಳು. "ಪ್ಯಾರಲ ಹಣ್ಣು ಒಡದ್ರ, ಒಳಗ ತಿಳಿ ಗುಲಾಬಿ ಇರತೈತೆಲ್ಲ ಆಯಿ, ಹಂಗ" ಎಂದಳು ಕೊನೆಗೆ.

"ಹಂಗಾದ್ರ ಭಾಳ ಛಂದ ಕಂಡಿರಬೇಕ ನೀ" ಎಂದಳು ಅವ್ವ. "ಇನ್ನೊಮ್ಮೆ ಹೇಳು, ಮೊದಲಿಂದ."

ಅವ್ವ ಆ ವರ್ಷದ ದೀಪಾವಳಿ ಕಾಣಲಿಲ್ಲ. ಅಲ್ಲಿಯವರೆಗೆ ನೋಡಲು ಬಂದವರಿಗೆಲ್ಲ, ಮೊಮ್ಮಗಳ ಲಗ್ನದ ಸೀರೆ ಪೇರಲ ಹಣ್ಣಿನ ಬಣ್ಣದ್ದೆಂದು, ತಾನೇ ಕಂಡಂತೆ ವರ್ಣಿಸುತ್ತಿದ್ದಳು. ನಾನು ಪ್ರತಿದಿನ ಅವಳ ಹತ್ತಿರ ಕುಳಿತು, ಬೇಕಿಲ್ಲದಿದ್ದರೂ ಒಮ್ಮೆ ಕೆಮ್ಮುತ್ತಿದ್ದೆ. "ಬಾರಪಾ" ಎಂದು ಅವಳು ಕೈ ಚಾಚುತ್ತಿದ್ದಳು. 'ನಾ ನಿನಗ ಹೇಳಿ ಕಳಿಸಿದ್ನೆಲ್ಲ' ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಒಮ್ಮೆಯಾದರೂ ಕೇಳಿ ಬೈದಿದ್ದರೆ ಚೆನ್ನಾಗಿತ್ತು.