ಗೇಟಿನ ಆಚೆ ಕೊಟ್ರಪ್ಪ

ಕೊಟ್ರಪ್ಪ ರಾಜಕೀಯ ಮಾತಾಡಬೇಕಾದರೆ ಗೇಟು ದಾಟಿ ಹೋಗುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಾದ ಕೂಡಲೇ ಕೊರಳಿನ ಕಾರ್ಡು ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುವುದು, ರಸ್ತೆ ಆಚೆ ಬೇವಿನ ಮರದ ಕೆಳಗೆ ಮಂಡಕ್ಕಿ ಒಗ್ಗರಣೆ ಮಾರುವ ಗಾಡಿ ಹತ್ತಿರ ನಿಲ್ಲುವುದು, ಬಾಯಿ ಬಿಡುವುದು. ಬಿಟ್ಟನೆಂದರೆ ಮುಗಿಯಿತು. ಯಾವ ಸರ್ಕಾರ ಏನು ಹಾಳು ಮಾಡಿತು, ಯಾವ ಲೀಡರು ಯಾವ ಪಾರ್ಟಿಯಿಂದ ಎಲ್ಲಿಗೆ ಜಿಗಿದ, ಎಲ್ಲಾ ಕೈ ಬೀಸಿ ಬೀಸಿ ಹೇಳುವನು. ಅಷ್ಟರಲ್ಲಿ ಆಫೀಸಿನವರು ಯಾರಾದರೂ ಫೈಲು ಹಿಡಿದು ಗೇಟಿಗೆ ಬಂದರೆ ಅರ್ಧ ಮಾತು ಅಲ್ಲೇ ನುಂಗಿ, ಕಾರ್ಡು ಹಾಕಿಕೊಂಡು, ತುಟಿ ಹೊಲಿದವರ ಹಾಗೆ ಒಳಗೆ ಬರುವನು. ಗಾಡಿಯವ ಹಿಂದಿನಿಂದ, ‘ಸಾಹೇಬ್ರ, ಆಮ್ಯಾಲೇನಾತ್ರಿ?’ ಅಂತ ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ.

ನಮ್ಮದು ಸರ್ಕಾರಿ ವಿಶ್ವವಿದ್ಯಾಲಯದ ಪಿ.ಜಿ. ಸೆಂಟರ್. ಊರಿಂದ ದೂರ, ಜೋಳದ ಹೊಲಗಳ ನಡುವೆ, ರಸ್ತೆಗೆ ಹತ್ತಿ ಎರಡು ಕಟ್ಟಡ. ನಾನು ಅಲ್ಲಿ ಕಸ ಹೊಡೆದು ಚಾ ಮಾಡುವವಳು. ಕೊಟ್ರಪ್ಪ ಆಫೀಸಿನ ಸೂಪರಿಂಟೆಂಡೆಂಟು. ನನಗಿಂತ ಸಣ್ಣವ. ಎದುರಿಗೆ ಸಾಹೇಬ್ರ ಅಂತಿದ್ದೆ, ಹಿಂದೆ ಕೊಟ್ರಪ್ಪ. ಇಲ್ಲೂ ಹಾಗೇ ಬರೆಯುತ್ತೇನೆ. ಕುಳ್ಳ, ತಲೆಗೆ ಎಣ್ಣೆ ಜಾಸ್ತಿ, ಚಾಕ್ಕೆ ಸಕ್ಕರೆ ಜಾಸ್ತಿ. ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು, ಆದರೆ ನಗುವುದು ಅಪರೂಪ. ಹೆಂಡತಿ ಇಲ್ಲ. ಕೊಟ್ಟೂರಿನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ‘ಉಂಡ್ಯೇನ್ ಬೇ ಯವ್ವಾ?’ ಅಂತ ಫೋನಿನಲ್ಲಿ ಕೇಳದೆ ತಾನು ಡಬ್ಬಿ ಬಿಚ್ಚುತ್ತಿರಲಿಲ್ಲ.

ಅವನ ರೂಲ್ಸುಗಳು ನನಗೂ ಬಾಯಿಪಾಠ ಆಗಿದ್ದವು. ಗೇಟಿನ ಒಳಗೆ ಯಾವ ಪಾರ್ಟಿಯ ಬಾವುಟವೂ ಬರಬಾರದು. ಓಟು ಕೇಳಬಾರದು. ವಿಶ್ವವಿದ್ಯಾಲಯದ ಹೆಸರು ಹೇಳಿಕೊಂಡು ಲೀಡರುಗಳ ಹತ್ತಿರ ಏನೂ ಬೇಡಬಾರದು. ಬೇಡಬೇಕಾದರೆ ವಿಶ್ವವಿದ್ಯಾಲಯದ ದೊಡ್ಡ ಆಫೀಸಿನವರೇ ಬೇಡಬೇಕು. ಇಲ್ಲಿನ ಹಾಳೆ, ಗಾಡಿ, ಮೈಕು, ಒಂದು ಸಾಮಾನೂ ಅಂಥ ಕೆಲಸಕ್ಕೆ ಹೊರಗೆ ಹೋಗಬಾರದು.

ನನ್ನ ಸೊಸೆ ಪಂಚಾಯ್ತಿಗೆ ನಿಂತಾಗ ನಾನು ಮೇಷ್ಟ್ರುಗಳಿಗೆ ಚಾ ಕೊಡುತ್ತಾ ‘ನಮ್ಮ ಹುಡುಗಿಗೊಂದು ಓಟು ಹಾಕ್ಸ್ರಿ’ ಅಂದೆ. ಎಲ್ಲಿದ್ದನೋ, ಬಂದೇಬಿಟ್ಟ.

‘ಗಂಗಮ್ಮ, ಇಲ್ಲಿ ಚಾ ಕೊಡು. ಓಟು ಹೊರಗ ಹೋಗಿ ಕೇಳು.’

‘ಯಾಕ್ರಿ? ಇದೇನು ನಿಮ್ಮಪ್ಪನ ಮನೀನಾ?’

‘ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಅದಕ್ಕ ಹೇಳೂದು.’

ಸೊಸೆ ಸೋತಳು. ಮಾರನೆಯ ದಿನ ನನ್ನನ್ನು ಬೇವಿನ ಮರದ ಕೆಳಗೆ ಕರೆದು, ಯಾವ ಓಣಿಯವರು ಕೈ ಕೊಟ್ಟರು ಅಂತ ಒಂದು ತಾಸು ಕೇಳಿದ. ನನಗಿಂತ ಅವನಿಗೇ ಸಿಟ್ಟು ಬಂದಿತ್ತು. ಒಳಗೆ ಬಂದ ಮೇಲೆ ಆ ಸುದ್ದಿಯೇ ಇಲ್ಲ.

ನಮ್ಮಲ್ಲಿಗೆ ಕೋಗಳಿ ಕಡೆಯಿಂದ, ಹಂಪಸಾಗರದ ಕಡೆಯಿಂದ ಹೆಣ್ಣುಮಕ್ಕಳು ಬರುತ್ತಿದ್ದರು. ಸಂಜೆ ಕ್ಲಾಸು ಬಿಟ್ಟ ಮೇಲೆ ಬರುವ ಬಸ್ಸು ನಮ್ಮ ಗೇಟಿಗೆ ನಿಲ್ಲುತ್ತಿರಲಿಲ್ಲ. ಕೈ ಮಾಡಿದರೂ ಧೂಳೆಬ್ಬಿಸಿಕೊಂಡು ಹೋಗುವುದು. ಹುಡುಗಿಯರು ಕ್ರಾಸಿನ ತನಕ ಕತ್ತಲಲ್ಲಿ ನಡೆಯಬೇಕು. ಹುಲಿಗೆಮ್ಮ ಅಂತ ಒಬ್ಬಳಿದ್ದಳು, ಬಾಯಿ ಜೋರು, ಓದಿನಲ್ಲೂ ಜೋರು. ಕುಡಿದವರು ಒಂದು ಸಲ ಬೈಕಿನಲ್ಲಿ ಅವಳನ್ನು ಕ್ರಾಸಿನ ತನಕ ಹಿಂಬಾಲಿಸಿದರು. ಅವರಪ್ಪ, ಬಸ್ಸು ಗೇಟಿಗೆ ನಿಂತರೆ ಓದು, ಇಲ್ಲದಿದ್ದರೆ ಈ ತಿಂಗಳಿಗೆ ಸಾಕು ಅಂದ. ಕೊಟ್ರಪ್ಪ ದೊಡ್ಡ ಆಫೀಸಿಗೆ ಬರೆದ, ಮತ್ತೆ ಬರೆದ. ಅಲ್ಲಿಂದ ಉತ್ತರವೇ ಇಲ್ಲ.

ಆಗ ಎಲೆಕ್ಷನ್ನಿನ ಗಾಳಿ ಬೀಸುತ್ತಿತ್ತು. ಒಬ್ಬ ಲೀಡರಿನ ಕಡೆಯವನು ಬಂದು, ‘ನಮ್ಮ ಸಾಹೇಬ್ರನ್ನ ಒಳಗ ಮೀಟಿಂಗ್ ಹಾಲಿಗೆ ಕರೀರಿ. ಶಾಲು ಹೊದಿಸ್ರಿ, ಹುಡುಗ್ಯಾರು ಜೈ ಅನ್ಲಿ. ಮರುದಿನ ಬಸ್ಸು ನಿಂದ್ರತೈತಿ’ ಅಂದ. ಮೇಷ್ಟ್ರುಗಳೆಲ್ಲಾ ಹೂಂ ಅಂದರು. ಕೊಟ್ರಪ್ಪ ಒಬ್ಬನೇ ಹಾಲಿನ ಕೀಲಿ ಕೊಡಲಿಲ್ಲ.

ಹುಲಿಗೆಮ್ಮ ಅವನ ಮೇಜಿನ ಮುಂದೆಯೇ ನಿಂತು, ‘ನಾನು ಮನ್ಯಾಗ ಕುಂತ್ರ ನಿಮ್ಮ ರೂಲ್ಸು ಬಂದು ರೊಟ್ಟಿ ಬಡೀತಾವೇನ್ರಿ ಸರ?’ ಅಂದಳು. ನಾನೂ ಬಿಡಲಿಲ್ಲ. ‘ನಿಮ್ಮ ಮನಿ ಹುಡುಗಿ ಆಗಿದ್ರ ಹಿಂಗ ಕಲ್ಲಾಗಿ ಕುಂದರ್ತಿದ್ರೇನು?’ ಅಂದೆ. ಆವತ್ತು ನಾನು ಇಟ್ಟ ಚಾ ಅವನು ಕುಡಿಯಲಿಲ್ಲ, ಕೆನೆಗಟ್ಟಿತು.

ಮಾರನೆಯ ಮಧ್ಯಾಹ್ನ ಹುಡುಗಿಯರು ಮರದ ಕೆಳಗೆ ಮಂಡಕ್ಕಿ ತಿನ್ನುತ್ತಿದ್ದಾಗ ತಾನೇ ಹೋದ, ಕಾರ್ಡು ಜೇಬಿನಲ್ಲಿ.

‘ಬಸ್ಸು ಕೇಳಬ್ಯಾಡ್ರಿ ಅಂತ ನಾ ಅಂದಿಲ್ಲ. ಒಳಗ ಕರೀಬ್ಯಾಡ್ರಿ ಅಂದೆ. ಆ ಲೀಡರನ್ನ ಇಲ್ಲೇ ಕರೀರಿ, ರಸ್ತೆ ಮ್ಯಾಲ. ಎದುರು ಪಾರ್ಟಿಯವರನ್ನೂ ಕರೀರಿ. ನಿಮ್ಮ ಹೆಸರು ಹೇಳ್ರಿ, ನಿಮ್ಮೂರ ಹೆಸರು ಹೇಳ್ರಿ. ಸೆಂಟರಿನ ಹೆಸರು ಮಾತ್ರ ತರಬ್ಯಾಡ್ರಿ. ನೀವು ಓಟು ಹಾಕೋ ಮಂದಿ, ಯಾರ ಅಪ್ಪಣೆ ಬೇಕು ನಿಮಗ?’

ಎದುರು ಪಾರ್ಟಿಯವರು ಬರಲಿಲ್ಲ. ಆ ಲೀಡರು ಬಂದ. ಮುದುಕ, ಮೊಣಕಾಲು ನೋವಿನವ. ಸುಡುಸುಡು ಬಿಸಿಲು. ಕಾರಿನಿಂದ ಇಳಿದು ಬೇವಿನ ಮರಕ್ಕೆ ಒಂದು ಕೈ ಊರಿ ನಿಂತ. ಕೊಟ್ರಪ್ಪ ತನಗೆ ಸಂಬಂಧ ಇಲ್ಲದವನಂತೆ ಗಾಡಿಯ ಆಚೆ ಮಗ್ಗುಲಿಗಿದ್ದ. ಅವನು ಮರದ ಕೆಳಗೆ ದಿನಾ ಬೈಯುತ್ತಿದ್ದದ್ದೂ ಇದೇ ಲೀಡರಿಗೆ. ಆದರೆ ನಮ್ಮ ಕಡೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದಿಲ್ಲ. ವೈರಿಯಾದರೂ ಮೊದಲು ಕೂಡಿಸಿ ತಂಬಿಗೆ ನೀರು ಕೊಡಬೇಕು, ಜಗಳ ಆಮೇಲೆ. ಕೊಟ್ರಪ್ಪ ಆ ನಡುಗುವ ಕಾಲು ನೋಡಿದ, ಈ ಕಡೆ ನೋಡಿದ, ಮತ್ತೆ ಆ ಕಾಲು ನೋಡಿದ. ತಡೆಯಲಾಗಲಿಲ್ಲ. ಒಳಗೆ ಓಡಿಹೋಗಿ ಆಫೀಸಿನ ಕುರ್ಚಿ ಹೆಗಲ ಮೇಲೆ ಹೊತ್ತು ತಂದ. ತನ್ನ ಟವಲಿನಿಂದ ಒರೆಸಿ, ‘ಕುಂದರ್ರಿ ಯಜಮಾನ್ರ’ ಅಂದ.

ಹುಲಿಗೆಮ್ಮ ಬಸ್ಸಿನ ಕಥೆ, ಬೈಕಿನವರ ಕಥೆ, ಅಪ್ಪನ ಮಾತು ಒಂದೂ ಬಿಡದೆ ಹೇಳಿದಳು. ಜೈ ಅನ್ನಲಿಲ್ಲ. ಕಡೆಗೆ, ‘ಅಜ್ಜಾರ, ನಿಮ್ಮ ಮೊಮ್ಮಗಳನ್ನ ಕತ್ತಲಾಗ ಆ ಕ್ರಾಸಿಗೆ ನಡಸ್ತೀರೇನ್ರಿ?’ ಅಂತ ಕೇಳಿದಳು. ಮುದುಕ ಕೂತಲ್ಲಿಂದಲೇ ಬಸ್ಸಿನ ಡಿಪೋಕ್ಕೆ ಫೋನು ಹಚ್ಚಿದ.

ಅವನು ಎದ್ದು ಕಾರು ಹತ್ತಿದ ಮೇಲೆ ಕೊಟ್ರಪ್ಪನ ಕಣ್ಣಿಗೆ ಕುರ್ಚಿಯ ಬೆನ್ನು ಬಿತ್ತು. ಬಿಳಿ ಬಣ್ಣದಲ್ಲಿ ವಿಶ್ವವಿದ್ಯಾಲಯದ ಹೆಸರು, ಇಷ್ಟಿಷ್ಟು ದಪ್ಪ ಅಕ್ಷರ. ಮುಖ ಬಾಡಿಹೋಯಿತು.

‘ಅವ ಒರಗಿ ಕುಂತಿದ್ದ, ಹೆಸರು ಯಾರಿಗೂ ಕಂಡಿಲ್ಲ ಬಿಡ್ರಿ’ ಅಂದೆ.

‘ಹೊತ್ತು ತಂದಾವ ನಾನು, ಗಂಗಮ್ಮ’ ಅಂದ.

ಅವತ್ತೇ ಸಂಜೆ ದೊಡ್ಡ ಆಫೀಸಿಗೆ ತನ್ನ ಮೇಲೆ ತಾನೇ ಬರೆದು ಕಳಿಸಿದ. ಓಟಿನ ಕಾಲದಲ್ಲಿ ಲೀಡರನ್ನು ವಿಶ್ವವಿದ್ಯಾಲಯದ ಕುರ್ಚಿಯಲ್ಲಿ ಕೂಡಿಸಿದ್ದೇನೆ, ತಪ್ಪು ನನ್ನದು, ಹುಡುಗಿಯರದಲ್ಲ ಅಂತ. ಬಸ್ಸಿನ ಪತ್ರಕ್ಕೆ ಉತ್ತರ ಕೊಡದ ಆಫೀಸು ಇದಕ್ಕೆ ಬೇಗ ಕೊಟ್ಟಿತು. ಬಸ್ಸು ಗೇಟಿಗೆ ನಿಲ್ಲಲು ಶುರುವಾದ ವಾರವೇ ಅವನಿಗೆ ದೂರದ ಊರಿಗೆ ವರ್ಗದ ಆರ್ಡರು ಬಂತು.

‘ನಾನು ಹೋಗಿ ಆ ಲೀಡರಿಗೆ ಹೇಳ್ತೀನ್ರಿ’ ಅಂದೆ. ‘ನಿಮ್ಮ ಕುರ್ಚ್ಯಾಗ ಕುಂತಾನ, ಒಂದು ಫೋನು ಮಾಡಾಕ ಏನಾಗತೈತಿ ಅವಗ?’

‘ಬ್ಯಾಡ.’

‘ಅವ್ವನ್ನ ಏನ್ ಮಾಡ್ತೀರಿ?’

‘ಕರ್ಕೊಂಡು ಹೋಗ್ತೀನಿ.’

‘ಆ ಜೀವ ಅಷ್ಟು ದೂರ ತಡಕೊಂತೈತೇನ್ರಿ?’

ಆರ್ಡರು ಮಡಚಿ ಜೇಬಿಗೆ ಇಟ್ಟುಕೊಂಡ. ಆಮೇಲೆ, ‘ಬಸ್ಸು ಕೇಳಿದ್ದು ಹುಡುಗ್ಯಾರ ಹಕ್ಕು. ನಾನು ವರ್ಗ ನಿಲ್ಲಸಾಕ ಲೀಡರ್ ಕಾಲು ಹಿಡಿದ್ರ ಅದು ಬ್ಯಾರೆ. ನೀ ಅಲ್ಲಿಗೆ ಹೋದ್ಯೋ, ನಿನ್ನ ಕೈ ಚಾ ಕುಡಿಯಂಗಿಲ್ಲ ನೋಡು’ ಅಂದ.

‘ಊರು ಬಿಟ್ಟು ಹೋಗೋರಿಗೆ ನಾ ಚಾ ಎಲ್ಲಿ ತಂದು ಕೊಡ್ಲಿ?’ ಅಂದೆ. ಹೊಟ್ಟೆ ಕುಣಿಸಿಕೊಂಡು ನಕ್ಕ. ಆ ನಗು ನಾನು ನೋಡಿದ್ದು ಅದೇ ಕಡೆಯ ಸಲ.

ತಾಯಿಯನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಹೋದನಂತೆ. ಮಳೆಗಾಲ ದಾಟಲಿಲ್ಲ, ಗುರುತಿನವರಿಲ್ಲದ ಊರಿನ ಬಾಡಿಗೆ ಮನೆಯಲ್ಲಿ ಅವಳು ಹೋದಳು. ನಾಲ್ಕು ಮಂದಿ ಹೊರುವವರನ್ನು ಕೂಡಿಸಲು ಕೊಟ್ರಪ್ಪ ಮನೆಮನೆ ಬಾಗಿಲು ಬಡಿದನಂತೆ. ರಿಟೈರಾದ ಮೇಲೂ ಈ ಕಡೆ ಬರಲಿಲ್ಲ. ಕೊಟ್ಟೂರಿನ ಮನೆಗೆ ಬೀಗ ಇದೆ.

ಹುಲಿಗೆಮ್ಮ ಪಾಸಾಗಿ ಈಗ ಹಡಗಲಿಯಲ್ಲಿ ಮೇಡಂ ಆಗಿದ್ದಾಳೆ. ಅವನು ಮಾಡಿದ್ದೇ ಸರಿ ಅನ್ನುತ್ತಾಳೆ. ಓದಿದವಳು, ಇರಬಹುದು. ನಾನು ಮಾತ್ರ ಅವನ ಮಾತು ಕೇಳಬಾರದಿತ್ತು. ಆ ಲೀಡರಿನ ಮನೆ ಕಟ್ಟೆ ಮೇಲೆ ಹೋಗಿ ಕೂತುಬಿಡಬೇಕಿತ್ತು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆ ಮುದುಕಿ ತನ್ನ ಮನೆಯಲ್ಲಿ ಸಾಯುತ್ತಿದ್ದಳು.